ಮನೆವಾರ್ತೆ: ಮನೆಯ ಹೆಣ್ಣುನಾಯಿಯ ಸಂಗತಿ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುವುದು, ಮಕ್ಕಳು ಕನ್ನಡ ಓದಲು ಒಲ್ಲೆನ್ನುವುದು, ಮಳೆಗಾಲದಲ್ಲಿ ಗೋಡೆ ಜಿನುಗುವುದು, ಇವೇ ಹೆಚ್ಚು. ಈ ಸಲ ಕಲ್ಯಾಣದಿಂದ ಸೋದರಿಯೊಬ್ಬರು ಬೇರೆಯೇ ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಮನೆಯಲ್ಲಿ ಮೂರು ವರ್ಷದ ಹೆಣ್ಣುನಾಯಿಯೊಂದಿದೆ. ವರ್ಷಕ್ಕೆ ಎರಡು ಸಲ ಅದಕ್ಕೆ ರಕ್ತ ಕಾಣಿಸಿಕೊಳ್ಳುತ್ತದೆ. ಬರುವ ತಿಂಗಳು ಮಗಳ ಮದುವೆ, ಮನೆ ತುಂಬ ನೆಂಟರು. ಆ ದಿನಗಳಲ್ಲಿ ನಾಯಿ ಬೆದೆಗೆ ಬಾರದಂತೆ ತಡೆಯುವ ಸೂಜಿಮದ್ದು ಉಂಟಂತೆ, ಹಾಕಿಸಬಹುದೇ? ಗಂಡಸರ ಮುಂದೆ ಕೇಳಲು ಸಂಕೋಚ, ಡಾಕ್ಟರರನ್ನು ಕೇಳಿದರೆ ನಕ್ಕಾರೆಂಬ ಅಂಜಿಕೆ, ಆದುದರಿಂದ ನಿಮಗೆ ಬರೆದೆ ಎಂದಿದ್ದಾರೆ.

ನಾವು ನಗುವುದಿಲ್ಲ. ನಗುವ ಅಧಿಕಾರವೂ ನಮಗಿಲ್ಲ. ಇದೇ ಪ್ರಶ್ನೆಯನ್ನು ನಾವೂ ಕೆಲವು ವರ್ಷಗಳ ಹಿಂದೆ ಕೇಳಿದ್ದೆವು. ಅವಸರದಲ್ಲಿ ಸಿಕ್ಕ ಉತ್ತರವನ್ನು ನಂಬಿದೆವು. ಅದರ ಬೆಲೆಯನ್ನು ನಮ್ಮ ಬೆಳ್ಳಿ ತೆತ್ತಳು. ಆ ಕತೆಯನ್ನೇ ಈ ಸಲ ಹೇಳಿ, ನಡುನಡುವೆ ನಾಯಿಯ ದೇಹದೊಳಗೆ ನಡೆಯುವ ವ್ಯವಹಾರವನ್ನೂ ತಿಳಿದಷ್ಟು ಬಿಡಿಸಿ ಹೇಳುತ್ತೇವೆ. ಠಾಣೆ, ಡೋಂಬಿವಲಿ, ಕಲ್ಯಾಣ, ನವಿ ಮುಂಬಯಿ ಎಲ್ಲೇ ನೋಡಿ, ನಮ್ಮ ಜನರ ಎರಡು ಖೋಲಿಯ ಮನೆಗಳಲ್ಲೂ ಈಗ ನಾಯಿ ಸಾಕುವವರಿದ್ದಾರೆ. ಊರಿನಲ್ಲಿ ಹಿತ್ತಲಿತ್ತು, ನಾಯಿಯ ಸಂಸಾರ ನಮ್ಮ ಕಣ್ಣಿಗೆ ಬೀಳದೆ ನಡೆದುಹೋಗುತ್ತಿತ್ತು. ಇಲ್ಲಿ ಮೂರನೆಯ ಅಂತಸ್ತಿನಲ್ಲಿ ಅದೆಲ್ಲ ನಮ್ಮ ಕಾಲಬುಡದಲ್ಲೇ ನಡೆಯುತ್ತದೆ.

ಬೆಳ್ಳಿ ಜಾತಿನಾಯಿಯಲ್ಲ. ಡೋಂಬಿವಲಿಯಲ್ಲಿ ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಮಳೆಗಾಲದ ಸಂಜೆ ನೆನೆದು ನಡುಗುತ್ತ ಕೂತಿದ್ದ ಬಿಳಿಯ ಮರಿ. ಮಕ್ಕಳು ಎತ್ತಿಕೊಂಡು ಮೇಲೆ ತಂದರು. ಧಾರವಾಡದಿಂದ ಬಂದು ನಮ್ಮಲ್ಲಿಯೇ ಇದ್ದ ಅಜ್ಜಿ ಮೊದಲು ಬೇಡವೇ ಬೇಡವೆಂದರು. ಆಮೇಲೆ ತಾವೇ ಹಾಲು ಕಾಸಿ ಇಟ್ಟರು. ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಫರಸಿಯ ಮೇಲೆ ರಕ್ತದ ಹನಿ ಕಂಡಿತು. ಎಲ್ಲೋ ಗಾಯವಾಗಿದೆಯೆಂದು ನಾವು ಅವಳ ಕಾಲು ಎತ್ತಿ ಎತ್ತಿ ನೋಡುತ್ತಿದ್ದರೆ, ಅಜ್ಜಿ ಒಂದು ನೋಟಕ್ಕೇ ತೀರ್ಪು ಕೊಟ್ಟರು: “ಗಾಯ ಅಲ್ಲ, ಬಿಡ್ರಿ. ಹೊರಗ ಆಗ್ಯಾಳ. ದೇವರ ಖೋಲಿ ಕಡೆ ಬಿಡಬ್ಯಾಡ್ರಿ.”

ಅಜ್ಜಿಯ ಮಾತು ಅರ್ಧ ಸರಿ, ಅರ್ಧ ತಪ್ಪು. ತಪ್ಪಿದ ಅರ್ಧವೇ ನಮಗೆ ಮೊದಲ ಪೆಟ್ಟು ಕೊಟ್ಟಿತು.

ಹೆಂಗಸರ ಮುಟ್ಟಿಗೂ ನಾಯಿಯ ಈ ರಕ್ತಕ್ಕೂ ಹೆಸರಿಗಷ್ಟೇ ಹೋಲಿಕೆ. ಹೆಂಗಸರಲ್ಲಿ ಗರ್ಭಕ್ಕಾಗಿ ಸಿದ್ಧವಾದ ಒಳಪದರ, ಗರ್ಭ ನಿಲ್ಲದೆ ಹೋದಾಗ ಕಳಚಿ ಹೊರಬೀಳುತ್ತದೆ. ಅದು ಒಂದು ತಿಂಗಳ ಸಿದ್ಧತೆ ಮುಗಿಯಿತೆಂಬ ಗುರುತು. ನಾಯಿಯಲ್ಲಿ ಇದು ತಿರುಗುಮುರುಗು. ಅಂಡಾಶಯದಲ್ಲಿ ಹೊಸ ಅಂಡಗಳು ಬೆಳೆಯತೊಡಗಿದಾಗ ಅಲ್ಲಿಂದ ಹೊರಡುವ ಒಂದು ರಸ ಗರ್ಭಕೋಶದ ರಕ್ತನಾಳಗಳನ್ನು ತುಂಬಿಸುತ್ತದೆ. ಆ ತುಂಬಿದ ನಾಳಗಳಿಂದ ರಕ್ತ ಒಸರುತ್ತದೆ. ಅಂದರೆ ಇದು ಸಿದ್ಧತೆ ಈಗ ತಾನೇ ಶುರುವಾಯಿತೆಂಬ ಗುರುತು. ಹೆಂಗಸರಿಗೆ ರಕ್ತ ನಿಂತ ಕೂಡಲೆ ಗರ್ಭದ ಸಂಭವ ಕಡಿಮೆ ಎಂದು ನಾವೆಲ್ಲ ಕೇಳಿದ್ದೇವೆ. ನಾಯಿಗೆ ರಕ್ತ ತೆಳುವಾಗಿ ನಿಲ್ಲುತ್ತ ಬಂದ ದಿನಗಳೇ ಗರ್ಭ ನಿಲ್ಲುವ ದಿನಗಳು.

ಇದು ನಮಗೆ ಗೊತ್ತಿರಲಿಲ್ಲ. ಹತ್ತು ದಿನ ಬೆಳ್ಳಿಯನ್ನು ಬಾಗಿಲು ಹಾಕಿ ಕಾಯ್ದೆವು. ಹನ್ನೊಂದನೆಯ ದಿನ ಫರಸಿ ಸ್ವಚ್ಛವಾಗಿತ್ತು. ಮುಗಿಯಿತೆಂದು ಹಗ್ಗ ಬಿಚ್ಚಿ ಕೆಳಗೆ ಅಂಗಳಕ್ಕೆ ಬಿಟ್ಟೆವು. ಒಂಬತ್ತು ವಾರಗಳಾದ ಮೇಲೆ ನಮ್ಮ ಅಡಿಗೆಮನೆಯ ಮೂಲೆಯಲ್ಲಿ ನಾಲ್ಕು ಮರಿಗಳು ಕುಂಯ್ಗುಡುತ್ತಿದ್ದವು. ಒಂದೊಂದಕ್ಕೂ ಮನೆ ಹುಡುಕಲು ನಾವು ಸಂಘದ ಎಷ್ಟು ಮಂದಿಯ ಬಾಗಿಲು ತಟ್ಟಿದೆವೆಂಬುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಇನ್ನು ಒಳಗಿನ ವ್ಯವಹಾರ. ಕಲ್ಯಾಣ ಜಂಕ್ಷನ್ನಿನಲ್ಲಿ ನಿಂತರೆ ನಮ್ಮ ಕಣ್ಣಿಗೆ ಕಾಣುವುದು ಕೆಂಪು ಹಸಿರು ದೀಪಗಳು ಮಾತ್ರ. ಯಾವ ಗಾಡಿ ಕಸಾರದ ಕಡೆಗೆ, ಯಾವುದು ಕರ್ಜತದ ಕಡೆಗೆ ಎಂದು ನಿಶ್ಚಯಿಸುವವರು ಮರೆಯಲ್ಲಿರುತ್ತಾರೆ. ದೇಹದಲ್ಲಿಯೂ ಹಾಗೆಯೇ. ಮೆದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಒಂದು ಭಾಗವಿದೆ. ಅದು ಅದರ ಕೆಳಗೇ ತೂಗುವ ಪಿಟ್ಯೂಟರಿ ಎಂಬ ಪುಟ್ಟ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯೂಟರಿಯು ರಕ್ತದ ಮೂಲಕ ದೂರದ ಅಂಡಾಶಯಕ್ಕೆ ಅಪ್ಪಣೆ ಕಳಿಸುತ್ತದೆ. ಅಂಡಾಶಯ ತನ್ನದೇ ರಸಗಳನ್ನು ಸುರಿಸಿ ಗರ್ಭಕೋಶವನ್ನು ಸಿದ್ಧಗೊಳಿಸುತ್ತದೆ, ಕೆಲಸ ಎಷ್ಟು ಆಯಿತೆಂದು ಮೆದುಳಿಗೂ ವರದಿ ಒಪ್ಪಿಸುತ್ತದೆ. ರಕ್ತದಲ್ಲಿ ಓಡಾಡುವ ಈ ದೂತರಿಗೆ ಹಾರ್ಮೋನು ಎಂಬ ಹೆಸರನ್ನು ೧೯೦೫ರಲ್ಲಿ ಬಳಕೆಗೆ ತಂದವನು ಲಂಡನ್ನಿನ ಶಾರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್. ಅದಕ್ಕೂ ಮುಂಚೆ, ೧೯೦೦ರಲ್ಲಿ, ವಾಲ್ಟರ್ ಹೀಪ್ ಎಂಬ ಇಂಗ್ಲಿಷ್ ವಿಜ್ಞಾನಿ ಪ್ರಾಣಿಗಳ ಬೆದೆಯನ್ನು ಹಂತಹಂತವಾಗಿ ವಿಂಗಡಿಸಿ ಹೆಸರಿಟ್ಟಿದ್ದ. ಬೆದೆಗೆ ಅವನು ಆರಿಸಿದ ಮಾತಿನ ಮೂಲ ಗ್ರೀಕಿನಲ್ಲಿ ದನಗಳನ್ನು ಕಚ್ಚಿ ಓಡಿಸುವ ಒಂದು ನೊಣದ ಹೆಸರು. ನೊಣ ಕಚ್ಚಿದ ಆಕಳು ಕಂಡಕಂಡಲ್ಲಿ ಓಡುವಂತೆ ಬೆದೆಯ ಪ್ರಾಣಿ ಎಂಬ ಭಾವ. ನಮ್ಮ ಬೆದೆ ಎಂಬ ಎರಡಕ್ಷರದ ಮಾತೇ ಚೆಲುವಾಗಿದೆ. ಅದನ್ನೇ ಇಟ್ಟುಕೊಂಡು, ನಾಲ್ಕು ಹಂತಗಳನ್ನು ಮುಂಬೆದೆ, ತುಂಬುಬೆದೆ, ಹಿಂಬೆದೆ, ವಿರಾಮ ಎಂದು ಕರೆಯೋಣ.

ಮುಂಬೆದೆ ಸಾಮಾನ್ಯವಾಗಿ ೯ ದಿನ. ಕೆಲವಕ್ಕೆ ೩ ದಿನಕ್ಕೇ ಮುಗಿಯುತ್ತದೆ, ಕೆಲವಕ್ಕೆ ಎರಡು ವಾರ ದಾಟುತ್ತದೆ. ಈ ದಿನಗಳ ಯಜಮಾನಿಕೆ ಈಸ್ಟ್ರೋಜನ್ ಎಂಬ ಹಾರ್ಮೋನಿನದು. ರಕ್ತ ಒಸರುತ್ತದೆ, ಹೊರಗಿನ ಅಂಗ ಬಾಯುತ್ತದೆ, ಓಣಿಯ ಗಂಡುನಾಯಿಗಳಿಗೆಲ್ಲ ವಾಸನೆ ಹೋಗುತ್ತದೆ. ಆದರೆ ಹೆಣ್ಣು ಅವನ್ನು ಹತ್ತಿರ ಸೇರಿಸುವುದಿಲ್ಲ, ಗುರುಗುಟ್ಟಿ ಓಡಿಸುತ್ತದೆ.

ತುಂಬುಬೆದೆಯೂ ಸುಮಾರು ೯ ದಿನ, ಇದರಲ್ಲೂ ಹೆಚ್ಚುಕಡಿಮೆ ಬಹಳ. ಈಸ್ಟ್ರೋಜನ್ ಇಳಿಯುತ್ತದೆ, ಪ್ರೊಜೆಸ್ಟರೋನ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ಈ ಇಳಿತ ಏರಿಕೆಗಳ ಸಂಧಿಯಲ್ಲಿ ಹೆಣ್ಣುನಾಯಿಯ ಮನಸ್ಸೇ ಬದಲಾಗುತ್ತದೆ. ಸ್ರಾವ ತೆಳುವಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಬೆನ್ನಿನ ಹಿಂಭಾಗ ಮುಟ್ಟಿದರೆ ಬಾಲವನ್ನು ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ನಿನ್ನೆಯವರೆಗೆ ಓಡಿಸುತ್ತಿದ್ದ ಗಂಡನ್ನು ಇಂದು ತಾನೇ ಹುಡುಕಿಕೊಂಡು ಹೋಗುತ್ತದೆ. ಇದೇ ಹೊತ್ತಿಗೆ ಪಿಟ್ಯೂಟರಿಯಿಂದ ಎಲ್.ಎಚ್. ಎಂಬ ಹಾರ್ಮೋನು ಒಮ್ಮೆಲೇ ಉಕ್ಕಿ ಬರುತ್ತದೆ. ಅದಾಗಿ ಸುಮಾರು ಎರಡು ದಿನಕ್ಕೆ ಅಂಡಗಳು ಬಿಡುಗಡೆಯಾಗುತ್ತವೆ.

ಇಲ್ಲಿ ನಾಯಿಗೆ ಎರಡು ವಿಶೇಷಗಳುಂಟು. ಇತರ ಬಹಳಷ್ಟು ಪ್ರಾಣಿಗಳಲ್ಲಿ ಅಂಡ ಹೊರಬಿದ್ದ ಮೇಲೆಯೇ ಪ್ರೊಜೆಸ್ಟರೋನ್ ಏರುವುದು. ನಾಯಿಯಲ್ಲಿ ಅದಕ್ಕೂ ಮೊದಲೇ ಏರತೊಡಗುತ್ತದೆ. ಆದ್ದರಿಂದಲೇ ಜಾತಿನಾಯಿಗಳನ್ನು ಕೂಡಿಸುವವರು ರಕ್ತದಲ್ಲಿ ಪ್ರೊಜೆಸ್ಟರೋನ್ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಿ ದಿನ ಗೊತ್ತುಪಡಿಸುತ್ತಾರೆ. ಎರಡನೆಯದು, ಹೊರಬಿದ್ದ ಅಂಡ ಆಗಲೇ ಪಕ್ವವಾಗಿರುವುದಿಲ್ಲ. ಪಕ್ವವಾಗಲು ಇನ್ನೂ ಎರಡು ಮೂರು ದಿನ ಬೇಕು. ಗಂಡಿನ ಬೀಜವೋ ಹೆಣ್ಣಿನ ದೇಹದಲ್ಲಿ ಒಂದು ವಾರದಷ್ಟು ಕಾಲ ಬದುಕಿರಬಲ್ಲುದು. ಹೀಗಾಗಿ ಕೂಡಿದ ದಿನ ಬೇರೆ, ಗರ್ಭ ನಿಂತ ದಿನ ಬೇರೆ. ಕೂಡಿದ ದಿನದಿಂದ ಎಣಿಸಿದರೆ ೫೭ರಿಂದ ೭೨ ದಿನಗಳ ನಡುವೆ ಯಾವಾಗಲಾದರೂ ಮರಿ ಹಾಕಬಹುದು. ಅಂಡ ಬಿಡುಗಡೆಯಾದ ದಿನದಿಂದ ಎಣಿಸಿದರೆ ೬೩ ದಿನ, ಒಂದೆರಡು ದಿನ ಆಚೀಚೆ. ಒಂದೇ ಸೂಲಿನ ಮರಿಗಳಿಗೆ ಇಬ್ಬರು ತಂದೆಯಿರುವುದೂ ಉಂಟು. ನಮ್ಮ ನಾಲ್ಕರಲ್ಲಿ ಎರಡು ಕರಿಯವು, ಎರಡು ಕಂದು ಬಣ್ಣದವು. ಅಜ್ಜಿ ಆ ವಿಷಯವನ್ನು ಹೆಚ್ಚು ವಿಚಾರಿಸಲಿಲ್ಲ.

ಮನೆಯವರು ನೆನಪಿಡತಕ್ಕದ್ದು ಇಷ್ಟೇ: ಮೊದಲ ಹನಿ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತುಹಾಕಿ, ಅಲ್ಲಿಂದ ಪೂರಾ ನಾಲ್ಕು ವಾರ ಹಗ್ಗ ಬಿಚ್ಚಬಾರದು.

ಹಿಂಬೆದೆ ಸುಮಾರು ಎರಡು ತಿಂಗಳು. ನಾಯಿಯ ದೊಡ್ಡ ಒಗಟು ಇರುವುದು ಇಲ್ಲಿ. ಆಕಳಿಗೆ ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರೋನ್ ಬೇಗನೆ ಇಳಿದು, ಮೂರು ವಾರಕ್ಕೆ ಮತ್ತೆ ಬೆದೆ ಬರುತ್ತದೆ. ನಾಯಿಗೆ ಹಾಗಿಲ್ಲ. ಗರ್ಭ ನಿಂತಿರಲಿ ಬಿಡಲಿ, ಪ್ರೊಜೆಸ್ಟರೋನ್ ಎರಡು ತಿಂಗಳು ಸುರಿಯುತ್ತಲೇ ಇರುತ್ತದೆ. ಗರ್ಭ ಖಾಲಿಯೆಂದು ಅಂಡಾಶಯಕ್ಕೆ ತಿಳಿಸುವವರೇ ಇಲ್ಲ. ಎರಡು ತಿಂಗಳ ಕೊನೆಗೆ ಪ್ರೊಜೆಸ್ಟರೋನ್ ಇಳಿಯುವಾಗ, ಹಾಲೂಡಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಮರಿಯಿಲ್ಲದ ನಾಯಿಯೂ ಆಗ ತಾಯಿಯಾಗಿಬಿಡುತ್ತದೆ.

ಬೆಳ್ಳಿಯ ಎರಡನೆಯ ಬೆದೆಯಲ್ಲಿ ನಾವು ಬಿಗಿಯಾಗಿ ಕಾಯ್ದೆವು, ಗರ್ಭ ನಿಲ್ಲಲಿಲ್ಲ. ಆದರೂ ಎರಡು ತಿಂಗಳ ತರುವಾಯ ಅವಳು ಮಗುವಿನ ಉಣ್ಣೆಯ ಕಾಲುಚೀಲವನ್ನು ಕದ್ದೊಯ್ದು ಮಂಚದ ಕೆಳಗೆ ಮಲಗಿಸಿ ನೆಕ್ಕತೊಡಗಿದಳು. ಹತ್ತಿರ ಹೋದರೆ ಹಲ್ಲು ತೋರಿಸುವಳು. ಮೊಲೆಗಳಲ್ಲಿ ಹಾಲು ಬಂದಿತ್ತು. ಅಜ್ಜಿ ಕಣ್ಣಲ್ಲಿ ನೀರು ತಂದುಕೊಂಡು, “ಹೋದ ಸಲದ ಮರಿ ನೆನಪಾಗ್ಯಾವ ಅದಕ್ಕ, ಪಾಪ” ಎಂದರು. ನಮಗೂ ಹಾಗೆಯೇ ತೋರಿತು. ವಾಸ್ತವದಲ್ಲಿ ಒಮ್ಮೆಯೂ ಮರಿ ಹಾಕದ ನಾಯಿಗಳೂ ಹೀಗೆ ಮಾಡುತ್ತವೆ. ಇದು ರೋಗವಲ್ಲ. ತೋಳಗಳ ಗುಂಪಿನಲ್ಲಿ ಮುಖ್ಯವಾಗಿ ಒಂದು ಹೆಣ್ಣು ಮರಿ ಹಾಕುತ್ತದೆ, ಉಳಿದವು ಸಾಕಲು ನೆರವಾಗುತ್ತವೆ. ಎಲ್ಲ ಹೆಣ್ಣುಗಳಿಗೂ ಒಂದೇ ಹೊತ್ತಿಗೆ ತಾಯ್ತನದ ಭಾವ ಬಂದರೆ ಗುಂಪಿನ ಮರಿಗಳಿಗೆ ಅನುಕೂಲ. ಆ ಹಳೆಯ ಏರ್ಪಾಡು ನಮ್ಮ ಮಂಚದ ಕೆಳಗಿನವರೆಗೂ ಬಂದಿದೆ ಎಂದು ಬಲ್ಲವರು ಊಹಿಸುತ್ತಾರೆ. ಇಂಥ ಹೊತ್ತಿನಲ್ಲಿ ಕನಿಕರದಿಂದ ಹಾಲು ಹಿಂಡಬಾರದು. ಹಿಂಡಿದಷ್ಟೂ ಹಾಲು ಹೆಚ್ಚುತ್ತದೆ. ಬೈಯಲೂಬಾರದು. ತುಸು ಹೆಚ್ಚು ತಿರುಗಾಡಿಸಿದರೆ ಎರಡು ಮೂರು ವಾರಗಳಲ್ಲಿ ತಾನೇ ಇಳಿಯುತ್ತದೆ. ಮೊಲೆ ಗಟ್ಟಿಯಾಗಿ ಬಿಸಿಯಾದರೆ ಮಾತ್ರ ಡಾಕ್ಟರರಿಗೆ ತೋರಿಸಬೇಕು. ಪ್ರೊಲ್ಯಾಕ್ಟಿನ್ ತಗ್ಗಿಸುವ ಮದ್ದು ಅವರಲ್ಲಿದೆ.

ಕೊನೆಯದು ವಿರಾಮ, ನಾಲ್ಕೈದು ತಿಂಗಳು. ಅಂಡಾಶಯ ಸುಮ್ಮನಿರುತ್ತದೆ, ಗರ್ಭಕೋಶ ದಣಿವಾರಿಸಿಕೊಳ್ಳುತ್ತದೆ. ಹೀಗೆ ಒಂದು ಬೆದೆಯಿಂದ ಇನ್ನೊಂದಕ್ಕೆ ಸರಾಸರಿ ಏಳು ತಿಂಗಳು. ಐದರಿಂದ ಹನ್ನೊಂದು ತಿಂಗಳವರೆಗೂ ಸರಿಯೇ. ಆಫ್ರಿಕದ ಬಸೆಂಜಿ, ಟಿಬೆಟಿನ ಮ್ಯಾಸ್ಟಿಫ್ ಮುಂತಾದವು ವರ್ಷಕ್ಕೊಮ್ಮೆ ಮಾತ್ರ ಬೆದೆಗೆ ಬರುತ್ತವೆ, ತೋಳದಂತೆ. ಇನ್ನೊಂದು ಮಾತು: ಹೆಂಗಸರಿಗಿರುವಂತೆ ಮುಟ್ಟು ನಿಲ್ಲುವ ವಯಸ್ಸು ನಾಯಿಗಿಲ್ಲ. ಮುದಿನಾಯಿಗೂ ಬೆದೆ ಬರುತ್ತದೆ, ನಡುವಣ ಅಂತರ ಹಿಗ್ಗಬಹುದು ಅಷ್ಟೇ.

ಈಗ ಸೂಜಿಮದ್ದಿನ ಮಾತಿಗೆ ಬರೋಣ.

ಬೆಳ್ಳಿಗೆ ಮೂರು ತುಂಬಿದಾಗ ಹುಬ್ಬಳ್ಳಿಯಲ್ಲಿ ಮನೆಯ ಮದುವೆಯೊಂದಿತ್ತು. ಲೆಕ್ಕದ ಪ್ರಕಾರ ಅವಳ ಬೆದೆ ಅದೇ ದಿನಗಳಿಗೆ ಬರುವುದಿತ್ತು. ಅವಳನ್ನು ಬಿಟ್ಟುಹೋಗಲು ನೆರೆಯವರು ಒಪ್ಪಬೇಕಲ್ಲ? ಆಗ ಯಾರೋ ಹೇಳಿದರು, ಒಂದು ಸೂಜಿ ಹಾಕಿಸಿ, ಬೆದೆ ಮುಂದೆ ಹೋಗುತ್ತದೆ. ಹಾಕಿಸಿದೆವು. ಹೇಳಿದ ಹಾಗೆಯೇ ಆಯಿತು. ಅಪರೇಷನ್ ಮಾಡಿಸಿ ಗರ್ಭಕೋಶವನ್ನೇ ತೆಗೆಸಿಬಿಡಿ ಎಂದವರೂ ಇದ್ದರು. ಅಜ್ಜಿ ಕೇಳಲಿಲ್ಲ. “ಮೂಕ ಪ್ರಾಣಿ, ಅದರ ಹೊಟ್ಟಿ ಕೊಯ್ಯೂದು ಪಾಪ” ಎಂದರು. ನಾವೂ ಅದಕ್ಕೆ ಹೂಂಗುಟ್ಟಿದೆವು. ನಿಜ ಹೇಳಬೇಕೆಂದರೆ ಪಾಪದ ಭಯಕ್ಕಿಂತ ಖರ್ಚಿನ ಭಯ, ಗಡಿಬಿಡಿಯ ಭಯ ನಮಗೆ ದೊಡ್ಡದಾಗಿತ್ತು. ಎರಡು ವರ್ಷಗಳ ಮೇಲೆ ಊರಿಗೆ ಹೋಗುವ ಪ್ರಸಂಗ ಮತ್ತೆ ಬಂದಾಗ ಮತ್ತೊಂದು ಸೂಜಿ ಹಾಕಿಸಿದೆವು.

ಆ ಬೇಸಿಗೆಯಲ್ಲಿ ಬೆಳ್ಳಿ ವಿಪರೀತ ನೀರು ಕುಡಿಯತೊಡಗಿದಳು. ಡೋಂಬಿವಲಿಯ ಮೇ ತಿಂಗಳು ನಿಮಗೆ ಗೊತ್ತೇ ಇದೆ. ನಾವೇ ಗಡಿಗೆ ನೀರು ಕುಡಿಯುತ್ತೇವೆ. ಸೆಕೆ ಎಂದುಕೊಂಡೆವು. ರಾತ್ರಿ ಎರಡು ಸಲ ಎದ್ದು ಬಾಗಿಲು ಕೆರೆದಳು. ಮುದ್ದಿಗೆ ಕೆಟ್ಟಿದ್ದಾಳೆ ಎಂದುಕೊಂಡೆವು. ಊಟ ಬಿಟ್ಟಳು, ಬೇಸಿಗೆಯಲ್ಲಿ ಯಾರಿಗೆ ಊಟ ಸೇರುತ್ತದೆ ಎಂದೆವು. ನಾಲ್ಕನೆಯ ದಿನ ವಾಂತಿ ಮಾಡಿಕೊಂಡು, ಎದ್ದು ನಿಲ್ಲಲಾರದೆ ಬಾಗಿಲ ಬಳಿ ಬಿದ್ದುಕೊಂಡಳು. ಹೊಟ್ಟೆ ಊದಿತ್ತು. ಅಜ್ಜಿಯೇ ಗದರಿಸಿದರು: “ಇನ್ನೇನ ನೋಡ್ತೀರಿ? ಎತ್ತಿಕೊಂಡ ನಡೀರಿ.”

ಡಾಕ್ಟರಬಾಯಿಯೊಬ್ಬರು ಸೋನೋಗ್ರಫಿ ಮಾಡಿ ನೋಡಿ, ಮೊದಲು ಕೇಳಿದ ಪ್ರಶ್ನೆ ಇದು: “ಕಳೆದ ಬೆದೆ ಯಾವಾಗ? ಬೆದೆ ನಿಲ್ಲಿಸುವ ಇಂಜೆಕ್ಷನ್ ಏನಾದರೂ ಕೊಡಿಸಿದ್ದೀರಾ?” ಕೊಡಿಸಿ ಎರಡು ತಿಂಗಳಾಗಿತ್ತು. ಗರ್ಭಕೋಶದ ತುಂಬ ಕೀವು. ಅದೇ ರಾತ್ರಿ ಶಸ್ತ್ರಕ್ರಿಯೆಯಾಯಿತು. ಪೆನ್ಸಿಲಿನಷ್ಟು ದಪ್ಪವಿರಬೇಕಾದ ಗರ್ಭಕೋಶ ಬಾಳೆಹಣ್ಣಿಗಿಂತ ದಪ್ಪವಾಗಿ ಊದಿದ್ದನ್ನು ಅವರು ನಮಗೆ ತಟ್ಟೆಯಲ್ಲಿ ತೋರಿಸಿದರು. ಇನ್ನೊಂದು ದಿನ ತಡೆದಿದ್ದರೆ ಒಡೆಯುತ್ತಿತ್ತು ಎಂದರು. ಯಾವ ಹೊಟ್ಟೆಯನ್ನು ಕೊಯ್ಯುವುದು ಪಾಪವೆಂದು ಆರೋಗ್ಯವಾಗಿದ್ದಾಗ ಬಿಟ್ಟೆವೋ, ಅದನ್ನೇ ಸಾವಿನ ಅಂಚಿನಲ್ಲಿ ಕೊಯ್ಯಿಸಬೇಕಾಯಿತು; ಖರ್ಚೂ ಹಲವು ಪಾಲು ಹೆಚ್ಚಾಯಿತು.

ಹೀಗಾದುದರ ಕಾರಣವನ್ನು ಆ ಡಾಕ್ಟರಬಾಯಿ ಸಮಾಧಾನದಿಂದ ತಿಳಿಸಿದರು. ಪ್ರೊಜೆಸ್ಟರೋನಿನ ಕೆಲಸ ಗರ್ಭವನ್ನು ಕಾಪಾಡುವುದು. ಅದಕ್ಕಾಗಿ ಅದು ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ, ಗ್ರಂಥಿಗಳಿಂದ ರಸ ಸುರಿಸುತ್ತದೆ, ಗರ್ಭಕೋಶ ಕುಗ್ಗಿ ಹಿಂಡದಂತೆ ತಡೆಯುತ್ತದೆ, ಬಾಯನ್ನು ಮುಚ್ಚುತ್ತದೆ, ಅಲ್ಲಿಯ ರೋಗನಿರೋಧವನ್ನೂ ತಗ್ಗಿಸುತ್ತದೆ. ಮರಿಗೆ ಇದೆಲ್ಲ ಒಳ್ಳೆಯದು. ಆದರೆ ಮರಿಯಿಲ್ಲದ ಗರ್ಭಕೋಶದೊಳಗೆ, ಬೆದೆಯ ದಿನಗಳಲ್ಲಿ ಹೊರಗಿನಿಂದ ಸೂಕ್ಷ್ಮಜೀವಿ ಸೇರಿಕೊಂಡಿದ್ದರೆ ಅದಕ್ಕೂ ಇದೇ ತೊಟ್ಟಿಲಾಗುತ್ತದೆ. ಬಹುತೇಕ ಇದು ಕರುಳಿನಲ್ಲೇ ವಾಸಿಸುವ ಇ. ಕೋಲಿ ಎಂಬ ಸೂಕ್ಷ್ಮಜೀವಿ. ವರ್ಷಕ್ಕೆರಡು ಸಲ, ಎರಡೆರಡು ತಿಂಗಳು, ಬರಿದೇ ಪ್ರೊಜೆಸ್ಟರೋನಿನಲ್ಲಿ ನೆನೆಯುವ ಗರ್ಭಕೋಶ ವಯಸ್ಸಾದಂತೆ ಕೆಡುತ್ತ ಹೋಗುತ್ತದೆ. ಸ್ವೀಡನ್ ದೇಶದಲ್ಲಿ ಹಿಂದೆ ಆರೋಗ್ಯವಂತ ನಾಯಿಗಳಿಗೆ ಈ ಶಸ್ತ್ರಕ್ರಿಯೆ ಮಾಡಿಸುವ ವಾಡಿಕೆ ಇರಲಿಲ್ಲ. ಅಲ್ಲಿಯ ವಿಮೆಯ ದಾಖಲೆಗಳನ್ನು ನೋಡಿ ೨೦೦೧ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹತ್ತು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಹೆಣ್ಣುನಾಯಿಗೆ ಈ ಕೀವಿನ ರೋಗ ಬಂದಿತ್ತು.

ಬೆದೆ ತಡೆಯುವ ಸೂಜಿಯಲ್ಲಿರುವುದೂ ಪ್ರೊಜೆಸ್ಟರೋನಿನ ತಮ್ಮನೇ. ಮೆಡ್ರಾಕ್ಸಿಪ್ರೊಜೆಸ್ಟರೋನ್ ಎಂದು ಅದರ ಹೆಸರು. ಹೆಂಗಸರಿಗೆ ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧದ ಸೂಜಿಯಲ್ಲಿರುವುದೂ ಇದೇ. ಆದರೆ ಹೆಂಗಸರ ದೇಹಕ್ಕೆ ಒಗ್ಗಿದ್ದು ನಾಯಿಯ ದೇಹಕ್ಕೆ ಒಗ್ಗಬೇಕೆಂದಿಲ್ಲ. ಅಮೆರಿಕದಲ್ಲಿ ೧೯೬೦ರ ದಶಕದಲ್ಲಿ ನಾಯಿಗಳಿಗೆಂದು ಇದನ್ನು ಮಾರಾಟಕ್ಕೆ ತಂದು, ಗರ್ಭಕೋಶದ ರೋಗಗಳು ಕಂಡುಬಂದದ್ದರಿಂದ ಕೆಲವೇ ವರ್ಷಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. ಪ್ರಯೋಗದಲ್ಲಿ ಬೀಗಲ್ ಜಾತಿಯ ಹೆಣ್ಣುನಾಯಿಗಳಿಗೆ ಮೊಲೆಯ ಗಂಟುಗಳಾದವು. ಆ ಕಾರಣದಿಂದಲೇ ಹೆಂಗಸರ ಸೂಜಿಗೆ ಗರ್ಭನಿರೋಧಕ್ಕಾಗಿ ಅಲ್ಲಿ ಒಪ್ಪಿಗೆ ಸಿಗುವುದು ೧೯೯೨ರವರೆಗೆ ತಡವಾಯಿತು. ಸಿಹಿಮೂತ್ರದ ರೋಗ ತಗಲುವುದೂ ಉಂಟು. ಎಲ್ಲ ನಾಯಿಗೂ ಆಗುತ್ತದೆ ಎಂದಲ್ಲ. ಆದರೆ ಯಾರ ನಾಯಿಗೆ ಆಗುತ್ತದೆ ಎಂಬುದು ಸೂಜಿ ಹಾಕಿಸಿದ ಮೇಲೆಯೇ ತಿಳಿಯುವುದು. ಹಾಗೆಯೇ, ಗಂಡಿನ ಜತೆ ಸೇರಿಬಿಟ್ಟಿತೆಂದು ಗಾಬರಿಯಾಗಿ ಈಸ್ಟ್ರೋಜನ್ ಸೂಜಿ ಹಾಕಿಸುವವರಿದ್ದಾರೆ. ಅದು ಎಲುಬಿನ ಮಜ್ಜೆಯನ್ನೇ ಕೆಡಿಸಿ ರಕ್ತ ಹುಟ್ಟದಂತೆ ಮಾಡಬಲ್ಲುದು. ಅದರ ಸಹವಾಸವೂ ಬೇಡ.

ಆದುದರಿಂದ ಕಲ್ಯಾಣದ ತಂಗಿಗೆ ನಮ್ಮ ಉತ್ತರ: ಮದುವೆಯ ಅನುಕೂಲಕ್ಕಾಗಿ ಸೂಜಿ ಬೇಡ. ಕಳೆದ ಬೆದೆಯ ದಿನದಿಂದ ಲೆಕ್ಕ ಹಾಕಿ ನೋಡಿ. ಮದುವೆಯ ದಿನಗಳಿಗೆ ಬೆದೆ ಬರಲಿಕ್ಕೇ ಇಲ್ಲದಿರಬಹುದು. ಬಂದರೂ ಮೂರು ನಾಲ್ಕು ದಿನ ಒಂದು ಖೋಲಿಯಲ್ಲಿರಿಸಿ, ನಾಯಿಗಳಿಗೆಂದೇ ಸಿಗುವ ಬಟ್ಟೆಯ ಚಡ್ಡಿ ತೊಡಿಸಿದರೆ ಫರಸಿಯ ಚಿಂತೆ ತೀರಿತು. ಚಡ್ಡಿ ರಕ್ತವನ್ನು ತಡೆಯುತ್ತದೆ, ಗಂಡುನಾಯಿಯನ್ನಲ್ಲ, ಎಂಬುದು ಮಾತ್ರ ನೆನಪಿರಲಿ. ಬಂದವರೊಡನೆ ಬಾಗಿಲು ತೆರೆದಿಟ್ಟಾಗ ಓಡಿಹೋಗದಂತೆ ಒಬ್ಬರಿಗೆ ಹೊಣೆ ಒಪ್ಪಿಸಿ. ಮದುವೆ ಸುಸೂತ್ರವಾಗಿ ಮುಗಿಯಲಿ. ಆಮೇಲೆ ಡಾಕ್ಟರರನ್ನು ಕಂಡು ಶಸ್ತ್ರಕ್ರಿಯೆಯ ದಿನ ಗೊತ್ತುಮಾಡಿ. ಅವರು ನಗುವುದಿಲ್ಲ, ಇದು ಅವರಿಗೆ ನಿತ್ಯದ ಪ್ರಶ್ನೆ.

ಶಸ್ತ್ರಕ್ರಿಯೆಗೆ ಒಳ್ಳೆಯ ಕಾಲ ವಿರಾಮದ ಕಾಲ, ಅಂದರೆ ಬೆದೆಯಾಗಿ ಎರಡು ಮೂರು ತಿಂಗಳು ಕಳೆದು, ಹುಸಿ ತಾಯ್ತನವೂ ಇಳಿದ ಮೇಲೆ. ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆಯುವುದು ನಮ್ಮಲ್ಲಿಯ ವಾಡಿಕೆ. ತೆಗೆದ ಮೇಲೆ ಬೆದೆಯಿಲ್ಲ, ಕೀವಿನ ರೋಗದ ಭಯವಿಲ್ಲ. ಬೇಗನೆ ಮಾಡಿಸಿದರೆ ಮೊಲೆಯ ಗಂಟು ಕಡಿಮೆ ಎಂದು ೧೯೬೯ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಸಿದ್ಧ ಅಧ್ಯಯನ ಹೇಳಿತ್ತು. ಆ ಲೆಕ್ಕ ಅಷ್ಟು ಗಟ್ಟಿಯಲ್ಲವೆಂದು ಈಚಿನವರು ಆಕ್ಷೇಪಿಸಿದ್ದಾರೆ, ಆದರೂ ಪ್ರಯೋಜನವಿದೆಯೆಂದೇ ಬಹಳ ಡಾಕ್ಟರರ ಅಭಿಪ್ರಾಯ. ನಷ್ಟವನ್ನೂ ಮುಚ್ಚಿಡಬಾರದು. ನಾಯಿ ದಪ್ಪವಾಗುತ್ತದೆ, ಊಟ ತಗ್ಗಿಸಬೇಕು. ಕೆಲವಕ್ಕೆ ವಯಸ್ಸಾದಾಗ ನಿದ್ದೆಯಲ್ಲಿ ಮೂತ್ರ ಜಿನುಗುತ್ತದೆ, ಅದಕ್ಕೆ ಮದ್ದಿದೆ. ದೊಡ್ಡ ಜಾತಿಯ ನಾಯಿಗೆ ಎಲುಬು ಬಲಿಯುವವರೆಗೆ ಕಾಯುವುದು ಮೇಲೆನ್ನುತ್ತಾರೆ. ಇದನ್ನೆಲ್ಲ ನಿಮ್ಮ ನಾಯಿಯನ್ನು ಕಂಡ ಡಾಕ್ಟರರೇ ತೂಗಿ ಹೇಳಬೇಕು. ಪತ್ರಿಕೆಯ ಅಂಕಣ ಡಾಕ್ಟರಲ್ಲ.

ಶಸ್ತ್ರಕ್ರಿಯೆ ಮಾಡಿಸದವರು ಒಂದು ಮಾತನ್ನಂತೂ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬೆದೆಯಾದ ಮೇಲಿನ ಎರಡು ತಿಂಗಳು, ಒಂದೆರಡು ವಾರ ಹೆಚ್ಚೇ ಇರಲಿ, ನಾಯಿ ಬಹಳ ನೀರು ಕುಡಿದರೆ, ಪದೇ ಪದೇ ಮೂತ್ರಕ್ಕೆ ಹೋದರೆ, ಊಟ ಬಿಟ್ಟರೆ, ಮಂಕಾದರೆ, ವಾಂತಿ ಮಾಡಿದರೆ, ಕೆಟ್ಟ ವಾಸನೆಯ ಸ್ರಾವ ಕಂಡರೆ, ಅದೇ ದಿನ ಡಾಕ್ಟರರಲ್ಲಿಗೆ ಒಯ್ಯಿರಿ. ಸ್ರಾವ ಕಾಣದಿದ್ದರೆ ಭಯವಿಲ್ಲವೆಂದು ತಿಳಿಯಬೇಡಿ. ಬಾಯಿ ಮುಚ್ಚಿ ಕೀವು ಒಳಗೇ ತುಂಬುವುದು ಇನ್ನೂ ಅಪಾಯದ್ದು. ನಾವು ಬೇಸಿಗೆಯ ಮೇಲೆ ಹೊರಿಸಿದ ತಪ್ಪನ್ನು ನೀವು ಹೊರಿಸಬೇಡಿ.

ಮರಿ ಮಾಡಿಸಬೇಕೆಂಬ ಆಸೆಯವರೂ ನಮ್ಮಲ್ಲಿದ್ದಾರೆ. ನವಿ ಮುಂಬಯಿಯ ಬಂಧುಗಳೊಬ್ಬರು ನಮ್ಮ ಕಡೆಯದೆಂಬ ಅಭಿಮಾನದಿಂದ ಮುಧೋಳದ ನಾಯಿಯನ್ನು ಸಾಕಿದ್ದಾರೆ. ಅಭಿಮಾನ ತಕ್ಕದ್ದೇ, ೨೦೦೫ರಲ್ಲಿ ಅದರ ಚಿತ್ರ ಅಂಚೆಚೀಟಿಯ ಮೇಲೆ ಬಂದಿತು, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ಮೊದಲ ಬೆದೆಗೇ ಕೂಡಿಸುವುದು ಬೇಡ, ಅದರ ಬೆಳವಣಿಗೆಯೇ ಮುಗಿದಿರುವುದಿಲ್ಲ. ಮತ್ತು ಹುಟ್ಟುವ ಪ್ರತಿಯೊಂದು ಮರಿಗೂ ಮನೆ ಗೊತ್ತಾಗಿದೆಯೇ ಎಂದು ಕೂಡಿಸುವ ಮೊದಲೇ ಕೇಳಿಕೊಳ್ಳಿ. ಓಟದ ಆ ನಾಯಿಗೆ ನಮ್ಮ ಖೋಲಿಗಳು ಸಾಲವು.

ಕೊನೆಗೆ ಬಾಗಿಲ ಹೊರಗಿನವುಗಳ ಮಾತು. ನಮ್ಮ ಮರಾಠಿ ನೆರೆಯವರು ಭಾದ್ರಪದವನ್ನು ನಾಯಿಗಳ ತಿಂಗಳೆನ್ನುತ್ತಾರೆ. ಇದು ಬರಿಯ ಗಾದೆಯಲ್ಲ. ಮನೆಯ ನಾಯಿಗೆ ಬೆದೆಯ ಋತುವೆಂಬುದಿಲ್ಲ, ಬೀದಿಯ ನಾಯಿಗೆ ಉಂಟು. ಜಯಪುರದ ಬೀದಿನಾಯಿಗಳನ್ನು ನೋಡಿ ೨೦೦೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಬೆದೆ ವರ್ಷದ ಕೆಲವು ತಿಂಗಳುಗಳಲ್ಲಿಯೇ ಒತ್ತಾಗಿ ಬರುವುದು ಕಂಡಿತು. ಚಳಿಗಾಲಕ್ಕೆ ನಮ್ಮ ಓಣಿಗಳಲ್ಲಿ ಮರಿಗಳ ಸಾಲು ಕಾಣುವುದು ಇದರಿಂದಲೇ.

ಇವುಗಳ ಸಂಖ್ಯೆಗೆ ಏನು ಉಪಾಯ ಎಂಬ ಜಗಳ ಮುಂಬಯಿಗೆ ಹೊಸದಲ್ಲ. ೧೮೩೨ರ ಜೂನಿನಲ್ಲಿ ಪೊಲೀಸರು ಬೀದಿನಾಯಿಗಳನ್ನು ಕೊಲ್ಲತೊಡಗಿದಾಗ ಪಾರಸಿಗಳು ಮುಂದಾಗಿ ಅಂಗಡಿ ಮುಚ್ಚಿಸಿ ಗಲಭೆಯೇ ಆಯಿತು. ಕೊಲ್ಲುವುದರಿಂದ ಸಂಖ್ಯೆ ಇಳಿಯಲಿಲ್ಲವೆಂಬುದಕ್ಕೆ ನಂತರದ ಕಾಲವೇ ಸಾಕ್ಷಿ. ಸಂತಾನ ತಡೆಯುವ ಶಸ್ತ್ರಕ್ರಿಯೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವ ಕ್ರಮವನ್ನು ೨೦೦೧ರ ನಿಯಮಗಳು ದೇಶಕ್ಕೆಲ್ಲ ಹಾಕಿಕೊಟ್ಟವು. ೨೦೨೩ರ ಮಾರ್ಚಿಯಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. ೨೦೨೫ರಲ್ಲಿ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು ದೇಶವೆಲ್ಲ ವಾದಿಸಿತು. ವಾದ ಏನೇ ಇರಲಿ, ಕೆಲಸ ನಡೆಯಬೇಕಾದದ್ದು ಮಹಾನಗರಪಾಲಿಕೆಗಳಿಂದ ಮತ್ತು ನಮ್ಮ ಓಣಿಗಳಲ್ಲಿ. ಕಿವಿಯ ತುದಿ ಕತ್ತರಿಸಿದ ನಾಯಿಯನ್ನು ಕಂಡರೆ ಅದಕ್ಕೆ ಶಸ್ತ್ರಕ್ರಿಯೆಯಾಗಿದೆಯೆಂದು ತಿಳಿಯಿರಿ. ಕತ್ತರಿಸದ ಹೆಣ್ಣುನಾಯಿಯನ್ನು ಕಂಡರೆ ಸೊಸಾಯಿಟಿಯವರೆಲ್ಲ ಸೇರಿ ಪಾಲಿಕೆಗೆ ಒಂದು ಅರ್ಜಿ ಕೊಡಿ. ಒಂದೊಂದಕ್ಕೂ ಆರು ತಿಂಗಳಿಗೊಮ್ಮೆ ಸೂಜಿ ಹಾಕುತ್ತ ತಿರುಗಲು ಸಾಧ್ಯವಿಲ್ಲ. ಒಮ್ಮೆ ಮಾಡಿದರೆ ಮುಗಿಯುವ ಶಸ್ತ್ರಕ್ರಿಯೆಯೇ ಅಲ್ಲಿಗೆ ದಾರಿ. ಒಂದು ಓಣಿಯ ಹತ್ತರಲ್ಲಿ ಎರಡಕ್ಕೆ ಮಾಡಿ ಬಿಟ್ಟರೆ ಉಳಿದ ಎಂಟು ಸೇರಿ ಆ ಕೊರತೆ ತುಂಬಿಬಿಡುತ್ತವೆ. ಬಹುಪಾಲಿಗೆ ಮಾಡಿದರೆ ಮಾತ್ರ ಫಲ.

ಬೆಳ್ಳಿ ಆಮೇಲೆ ಹತ್ತು ದಿನ ಕೊರಳಿಗೆ ಪ್ಲಾಸ್ಟಿಕ್ಕಿನ ಕೊಳವೆ ಕಟ್ಟಿಕೊಂಡು ಮನೆಯ ಗೋಡೆಗೆಲ್ಲ ಹಾಯುತ್ತ ತಿರುಗಿದಳು. ಹೊಲಿಗೆ ಬಿಚ್ಚಿದ ದಿನ ಅಜ್ಜಿ ಅವಳಿಗೆ ಹಾಲು ಕಾಸಿ ಇಟ್ಟು, ನಮ್ಮ ಕಡೆ ನೋಡದೆ ಅಂದರು: “ಮೊದಲ ಮಾಡಿಸಿದ್ರ ಇಷ್ಟ ನೋವು ಉಣ್ತಿರಲಿಲ್ಲ. ನಾನೂ ಬ್ಯಾಡ ಅಂದೆ. ತಿಳೀಲಿಲ್ಲ.” ತಿಳಿಯದಿದ್ದುದು ಅವರಿಗೊಬ್ಬರಿಗೇ ಅಲ್ಲ. ಓದಿದವರೆನಿಸಿಕೊಂಡ ನಮಗೂ ತಿಳಿದಿರಲಿಲ್ಲ, ಕೇಳಲು ಸಂಕೋಚಪಟ್ಟೆವು. ಆ ಸಂಕೋಚವನ್ನು ಮೀರಿ ಪತ್ರ ಬರೆದ ಕಲ್ಯಾಣದ ತಂಗಿಗೆ ನಮ್ಮ ಉಪಕಾರಸ್ಮರಣೆ.

ಬೆಳ್ಳಿಗೆ ಈಗ ಹತ್ತು ತುಂಬಿದೆ. ಇದನ್ನು ಬರೆಯುವಾಗ ಮೇಜಿನ ಕೆಳಗೆ ನಮ್ಮ ಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಾಳೆ. ಮದುವೆಯ ಮನೆಗೆ ನಮ್ಮೆಲ್ಲರ ಶುಭಾಶಯಗಳು. ಮುಂದಿನ ಸಂಚಿಕೆಯಲ್ಲಿ ಮತ್ತೆ ಕಾಣೋಣ. ಪತ್ರ ಬರೆಯುತ್ತಿರಿ, ಯಾವ ಪ್ರಶ್ನೆಯಾದರೂ ಸರಿ.